ಗ್ರಾಮಸಭಾಸದರ ನಡತೆಯೂ ಅಭಿಯೋಗಪದ್ಧತಿಯೂ

ಜನರಿಂದ ಆರಿಸಲ್ಪಟ್ಟು ಊರಿನ ಕಾರ್ಯಭಾರವನ್ನು ವಹಿಸಿದವನು ನಡತೆಗೆಟ್ಟನೆಂದು ತೋರಿದಾಗ ಅವನ ಮೇಲೆ ಯಾರಲ್ಲಿ ದೂರಬೇಕು, ಯಾವ ಕ್ರಮದಿಂದ ದೂರಬೇಕು, ದೂರಿನಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ವಿಷಯವು ಸಾಮಾನ್ಯವಾಗಿ ವಕೀಲರಿಗೂ ಕಚೇರಿಯವರಿಗೂ ಸೇರಿದುದೆಂದು ಭಾವಿಸಲ್ಪಡುತ್ತಿದೆ. ಶಾಸ್ತ್ರವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನವೆಂದು ಕೆಲವರು ಕೇಳಬಹುದು. ಆದರೆ ಈ ವಿಷಯವನ್ನು ನಮ್ಮ ಪ್ರಾಚೀನರು ಅಲಕ್ಷ್ಯಮಾಡಿರಲಿಲ್ಲ. ವ್ಯವಹಾರಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯೇಕವಾದ ಪದವೇ ಉಂಟು. ದಕ್ಷಿಣದೇಶದ ಶಿಲಾಶಾಸನಗಳಲ್ಲಿ ಇದಕ್ಕೆ ಉದಾಹರಣೆಯೂ ಉಂಟು. ಹಳೆಯ ಆ ವಿಚಾರವನ್ನು ಸಂಗ್ರಹವಾಗಿ ನಿರೂಪಿಸಿ, ಈಗ ಕರ್ಣಾಟಕದಲ್ಲಿ ಜಾರಿಯಲ್ಲಿರುವ ಕ್ರಮದೊಡನೆ ಅದನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶವು.

೧. ಸಂವಿದ್ವ್ಯತಿಕ್ರಮ

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹದಿನೆಂಟು ವ್ಯವಹಾರಪದಗಳು ಪರಿಗಣಿಸಲ್ಪಟ್ಟಿರುವುದು ವಾಚಕರಿಗೆ ವಿದಿತವೇ ಆಗಿದೆ. ಅವುಗಳಲ್ಲಿ ಸಂವಿದ್ವ್ಯತಿಕ್ರಮವೆಂಬುದೊಂದು. ಸಂವಿತ್ ಎಂದರೆ ಒಡಂಬಡಿಕೆ. ಗ್ರಾಮದವರಾಗಲಿ ಸಂಘದವರಾಗಲಿ ಕೂಡಿ ಮಾಡಿಕೊಂಡ ಕಟ್ಟಳೆಯನ್ನು ಲೋಭದಿಂದ ಮೀರಿದವನನ್ನು ರಾಷ್ಟ್ರದಿಂದ ಹೊರಡಿಸಬೇಕೆಂದು ಮನುವಿನ ಮತ. ನಾರದನು ಇದನ್ನೇ ಸಮಯಸ್ಯಾನಪಾಕರ್ಮವೆಂಬ ಹೆಸರಿನಿಂದ ವ್ಯವಹರಿಸಿರುವನು.

ಯಾಜ್ಞವಲ್ಕ್ಯನು ಈ ಪ್ರಕರಣವನ್ನು ಇನ್ನಷ್ಟು ಬೆಳೆಯಿಸಿದ್ದಾನೆ. ಅವನ ಮತದಲ್ಲಿ ಸಮೂಹದ ಕಾರ್ಯವನ್ನು ಚಿಂತಿಸತಕ್ಕವರು ಧರ್ಮಜ್ಞರೂ, ಶುಚಿಗಳೂ, ಲೋಭವಿಲ್ಲದವರೂ ಆಗಿರಬೇಕು. ಅಂಥವರು ಸಮೂಹದ ಹಿತವನ್ನು ಹೇಳಿದಾಗ ಇತರರು ಅದನ್ನು ನಡೆಯಿಸಬೇಕು, ಪ್ರತಿಕೂಲನಾದವನಿಗೆ ದಂಡ. ಗಣದ ದ್ರವ್ಯವನ್ನು ಅಪಹರಿಸಿದವನಿಗಾದರೋ ಸರ್ವಸ್ವಹರಣವೂ ವಿವಾಸನವೂ ವಿಧಿಸಲ್ಪಟ್ಟಿದೆ. ಸಮೂಹದ ಕಾರ್ಯಕ್ಕಾಗಿ ಕಳುಹಿಸಲ್ಪಟ್ಟವನು ಆ ಕಾರ್ಯದಲ್ಲಿ ತನಗೆ ಏನು ದೊರೆತರೂ ಅದನ್ನು ತಾನಾಗಿಯೇ ಸಮೂಹಕ್ಕೆ ಒಪ್ಪಿಸಬೇಕೆಂದೂ, ಒಪ್ಪಿಸದಿದ್ದರೆ ಅದರ ಹನ್ನೊಂದರಷ್ಟನ್ನು ಅವನಿಂದ ಕೊಡಿಸಬೇಕೆಂದೂ ಹೇಳಿರುವುದು ವಿಶೇಷವಾಗಿ ಗಮನಾರ್ಹವು. ಕದ್ದದ್ದಕ್ಕೆ ಮಾತ್ರ ದಂಡವಲ್ಲ. ಅಧಿಕಾರದ ನಿಮಿತ್ತವಾಗಿ ಕೈಸೇರಿದ ಸತ್ಕಾರವನ್ನು ಬಚ್ಚಿಟ್ಟುಕೊಂಡದ್ದಕ್ಕೂ ದಂಡವೆಂಬುದು ಇದರ ತಾತ್ಪರ್ಯ.

ಕಾತ್ಯಾಯನನ ಗ್ರಂಥವು ಸಮಗ್ರವಾಗಿ ಉಳಿದುಬಂದಿಲ್ಲ. ನಿಬಂಧಗಳಲ್ಲಿ ಉದ್ಧೃತವಾದ ಅವನ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ೧೯೩೩ರಲ್ಲಿ ಸಂಗ್ರಹಿಸಿ ಪ್ರಕಟಿಸಿದರು. ಸಾಹಸಮಾಡುವವನು, ಗಣದಲ್ಲಿ ಒಡಕನ್ನು ಹುಟ್ಟಿಸುವವನು, ಗಣದ್ರವ್ಯವನ್ನು ಕೆಡಿಸುವವನು ಈ ಮೂವರೂ, ದೊರೆಗೆ ತಿಳಿಯಪಡಿಸಿ, ಸ್ಥಾನದಿಂದ ಕೀಳಲ್ಪಡತಕ್ಕವರೆಂಬುದು ಅಲ್ಲಿ ಕಂಡುಬರುವುದು. ಇಲ್ಲಿ ಎರಡಂಶಗಳಿವೆ. ಆರಿಸಿದ ಸಮೂಹಕ್ಕೇ ತೆಗೆದುಹಾಕುವ ಅಧಿಕಾರವುಂಟೆಂಬುದು ಒಂದು; ಆದರೂ ಅದು ಗುಟ್ಟಿನಲ್ಲಿ ನಡೆಯದೆ ಮೇಲಿನವರ ಅರಿವಿಗೆ ಬರಬೇಕೆಂಬುದು ಇನ್ನೊಂದು. ಮೊದಲನೆಯದಿಲ್ಲದಿದ್ದರೆ ಊರು ಪರಾಧೀನವಾಗುವುದು. ಎರಡನೆಯದಿಲ್ಲದಿದ್ದರೆ ಊರಿನ ಬಲಿಷ್ಠರು ದುರ್ಬಲನಾದ ಸಭಾಸದನನ್ನು ಹೊರದೂಡುವರು.

೨. ಉತ್ತರಮೇರೂರಿನ ಕಟ್ಟಳೆ

ಶಾಸ್ತ್ರದಲ್ಲಿ ಹೇಳಿದ್ದು ಆಚರಣೆಯಲ್ಲಿ ಇತ್ತೇ ಎಂಬ ಶಂಕೆ ಸಹಜವು. ನಮ್ಮ ನಾಡಿನಲ್ಲಿಯೇ ಲಕ್ಷ್ಮೇಶ್ವರದ ಎಂಟನೆಯ ಶತಮಾನದ ಕನ್ನಡ ಶಾಸನವು ಯುವರಾಜ ವಿಕ್ರಮಾದಿತ್ಯನು ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯನ್ನು ತಿಳಿಸುತ್ತದೆ. ರಾಜಪುರುಷರಿಗೆ ಏನು ಸಲ್ಲುವುದು, ಊರಿನವರಿಗೆ ಏನು ಸಲ್ಲುವುದು ಎಂಬುದನ್ನು ಕಲ್ಲಿನ ಮೇಲೆ ಬರೆಯಿಸಿಡುವ ಪದ್ಧತಿಯು ಹೀಗೆ ಪ್ರಾಚೀನವಾದುದು. ಆದರೆ ಆರಿಸಲ್ಪಟ್ಟವರ ನಡತೆಯ ವಿಷಯದಲ್ಲಿ ಅತ್ಯಂತ ವಿಶದವಾದ ಲೇಖವು ಕಾಂಚೀಪುರದ ಪ್ರಾಂತದ ಉತ್ತರಮೇರೂರಿನದು. ಅಲ್ಲಿಯ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಒಂದನೆಯ ಪರಾಂತಕಚೋಳನ ೧೨ನೆಯ ಮತ್ತು ೧೪ನೆಯ ಆಳ್ವಿಕೆಯ ವರ್ಷಗಳ, ಎಂದರೆ ಕ್ರಿ. ಶ. ೯೧೯ ಮತ್ತು ೯೨೧ರ, ಎರಡು ಶಾಸನಗಳಿವೆ. ವೆಂಕಯ್ಯನವರು ಇವನ್ನು ಪುರಾತತ್ವ ಇಲಾಖೆಯ ೧೯೦೪-೦೫ರ ವರದಿಯಲ್ಲಿ ವಿವರಿಸಿದ್ದಾರೆ.

ಊರನ್ನು ಮೂವತ್ತು ಕುಡುಂಬುಗಳಾಗಿ ವಿಭಾಗಿಸಿ, ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು, ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಹೀಗೆ ಬಂದವರಲ್ಲಿ ಹನ್ನೆರಡು ಮಂದಿ ಸಂವತ್ಸರವಾರಿಯಕ್ಕೂ, ಹನ್ನೆರಡು ಮಂದಿ ತೋಟದ ವಾರಿಯಕ್ಕೂ, ಆರು ಮಂದಿ ಕೆರೆಯ ವಾರಿಯಕ್ಕೂ ಸೇರುತ್ತಿದ್ದರು. ಅವಧಿಯು ೩೬೦ ದಿನಗಳು. ಎರಡನೆಯ ಶಾಸನದಂತೆ ವಯಸ್ಸು ೩೫ಕ್ಕೆ ಮೇಲ್ಪಟ್ಟು ೭೦ಕ್ಕೆ ಒಳಪಟ್ಟಿರಬೇಕು, ಸ್ವಂತ ನಿವೇಶನದಲ್ಲಿ ಮನೆಯೂ ತೆರಿಗೆ ಕೊಡುವ ಭೂಮಿಯೂ ಇರಬೇಕು, ವೇದಾಧ್ಯಯನವೂ ಇರಬೇಕು.

ಅರ್ಹತೆಗಿಂತಲೂ ಅನರ್ಹತೆಯ ಭಾಗವೇ ನಮಗೆ ಹೆಚ್ಚು ಉಪಯುಕ್ತವು. ಹಿಂದೆ ವಾರಿಯದಲ್ಲಿದ್ದು ಲೆಕ್ಕವನ್ನು ಒಪ್ಪಿಸದೆ ಹೋದವನ ಹೆಸರನ್ನು ಕೊಡಕ್ಕೆ ಹಾಕಕೂಡದು. ಅವನದು ಮಾತ್ರವಲ್ಲ, ಅವನ ತಂದೆ, ಮಗ, ಸೋದರ, ಅಳಿಯ, ಮಾವ, ಭಾವಮೈದುನ, ಸೋದರತ್ತೆಯ ಮಕ್ಕಳು ಮೊದಲಾದವರದೂ ಕೂಡದು. ಪರದ್ರವ್ಯವನ್ನು ಅಪಹರಿಸಿದವನೂ ಕೂಟಲೇಖ್ಯವನ್ನು ಮಾಡಿದವನೂ ವರ್ಜ್ಯರು. ಮಹಾಪಾತಕಾದಿ ಕೆಲವು ದೋಷಗಳಲ್ಲಿ ಪ್ರಾಯಶ್ಚಿತ್ತದಿಂದ ಶುದ್ಧನಾದರೂ ಯಾವಜ್ಜೀವವೂ ವಾರಿಯಕ್ಕೆ ಬರಲಾಗದು. ಹಿಂದಿನ ಮೂರು ವರ್ಷಗಳಲ್ಲಿ ವಾರಿಯದಲ್ಲಿದ್ದವನಿಗೂ ಮತ್ತೆ ಅವಕಾಶವಿಲ್ಲ. ಕಡೆಯದಾಗಿ, ಸ್ಥಾನದಲ್ಲಿದ್ದಾಗಲೇ ಅಪರಾಧವು ಕಂಡುಬಂದರೆ ಅವಧಿಯು ಮುಗಿಯುವವರೆಗೆ ಕಾಯದೆ ಕೂಡಲೇ ತೆಗೆದುಹಾಕತಕ್ಕದ್ದು.

ಈ ಕಟ್ಟಳೆಯನ್ನು ಕೊಂಡಾಡುವವರು ಒಂದಂಶವನ್ನು ಮರೆಯಬಾರದು. ಉತ್ತರಮೇರೂರು ಬ್ರಹ್ಮದೇಯವಾದ ಗ್ರಾಮ. ಅಲ್ಲಿಯ ಕೊಡದಲ್ಲಿ ಭೂಮಿಯಿಲ್ಲದವನ ಓಲೆಯೂ, ಶೂದ್ರನ ಓಲೆಯೂ, ಸ್ತ್ರೀಯ ಓಲೆಯೂ ಇರಲಿಲ್ಲ. ನನ್ನಂತಹ ಅಧ್ಯಯನದವರಿಗೆ ಅನುಕೂಲವಾಗಿದ್ದ ವ್ಯವಸ್ಥೆಯನ್ನು ಸರ್ವಜನದ ವ್ಯವಸ್ಥೆಯೆಂದು ಹೇಳುವುದು ಸತ್ಯಕ್ಕೆ ಅಪಚಾರ. ಈಗ ಕರ್ಣಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಪರಿಶಿಷ್ಟರಿಗೂ ಹಿಂದುಳಿದವರಿಗೂ ಮೀಸಲುಂಟು. ಆದ್ದರಿಂದ ಆ ಶಾಸನದಿಂದ ನಾವು ಗ್ರಹಿಸತಕ್ಕದ್ದು ಯಾರನ್ನು ಆರಿಸಬೇಕೆಂಬುದನ್ನಲ್ಲ. ಆರಿಸಿದವರನ್ನು ಲೆಕ್ಕ ಕೇಳಬೇಕೆಂಬುದನ್ನು.

೩. ದೂರಿನ ಲಕ್ಷಣವೂ ಪಕ್ಷಾಭಾಸವೂ

ಲೆಕ್ಕವನ್ನು ಕೇಳುವ ಬಗೆ ಹೇಗೆ? ಇಲ್ಲಿ ನಮಗೆ ದಾರಿದೀಪವಾಗತಕ್ಕವನು ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನು. ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿದ್ದು, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಅವನು ರಚಿಸಿದನು.

ವ್ಯವಹಾರಕ್ಕೆ ನಾಲ್ಕು ಪಾದಗಳು: ಭಾಷಾ ಎಂದರೆ ದೂರು, ಉತ್ತರ ಎಂದರೆ ಪ್ರತಿವಾದಿಯ ಸಮಾಧಾನ, ಕ್ರಿಯಾ ಎಂದರೆ ಪ್ರಮಾಣ, ಕಡೆಯದು ಸಾಧ್ಯಸಿದ್ಧಿ ಎಂದರೆ ನಿರ್ಣಯ. ದೂರನ್ನು ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ, ಮಾಸ, ಪಕ್ಷ, ದಿನ, ಹೆಸರು ಮೊದಲಾದ ಗುರುತುಗಳೊಡನೆ ಬರೆಯಬೇಕೆಂದು ಯಾಜ್ಞವಲ್ಕ್ಯನ ವಿಧಿ. ಉತ್ತರವನ್ನೂ ಹಾಗೆಯೇ ದೂರಿದವನ ಸನ್ನಿಧಿಯಲ್ಲಿ ಬರೆಯಬೇಕು. ಇಬ್ಬರಲ್ಲಿ ಯಾರ ಮಾತೂ ಇನ್ನೊಬ್ಬನ ಬೆನ್ನ ಹಿಂದೆ ದಾಖಲೆಯಾಗಕೂಡದೆಂಬುದು ಇದರ ಸಾರ.

ಇನ್ನು ದೂರಿನಂತೆ ತೋರಿದರೂ ದೂರಲ್ಲದ್ದು ಪಕ್ಷಾಭಾಸ. ಮಿತಾಕ್ಷರೆಯಲ್ಲಿ ಇದು ಆರು ವಿಧವಾಗಿ ವಿವರಿಸಲ್ಪಟ್ಟಿದೆ. ಮೊಲದ ಕೊಂಬನ್ನು ಅಪಹರಿಸಿದನೆಂಬಂತೆ ಲೋಕದಲ್ಲಿಲ್ಲದ್ದನ್ನು ಹೇಳುವುದು ಅಪ್ರಸಿದ್ಧ. ನನ್ನ ಮನೆಯ ದೀಪದ ಬೆಳಕಿನಲ್ಲಿ ನೆರೆಯವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆಂಬಂತೆ ತನಗೆ ಬಾಧೆಯಿಲ್ಲದ್ದನ್ನು ದೂರುವುದು ನಿರಾಬಾಧ. ಅರ್ಥವಿಲ್ಲದ ಅಕ್ಷರಗಳ ಸಾಲು ನಿರರ್ಥ. ನೆರೆಯವನು ಇಂಪಾದ ಸ್ವರದಲ್ಲಿ ಓದುತ್ತಾನೆಂಬುದು ನಿಷ್ಪ್ರಯೋಜನ. ಹುಬ್ಬು ಹಾರಿಸಿ ನನ್ನನ್ನು ನೋಡಿ ನಕ್ಕನೆಂಬುದು ಸಾಧಿಸಲಾರದ್ದಾದ್ದರಿಂದ ಅಸಾಧ್ಯ. ಮೂಗನು ನನ್ನನ್ನು ಬೈದನೆಂಬುದು ವಿರುದ್ಧ. ಪಂಚಾಯಿತಿ ಸದಸ್ಯರ ಮೇಲೆ ಈಗ ಬರೆಯಲ್ಪಡುವ ಅರ್ಜಿಗಳನ್ನು ಓದಿದವರು ಈ ಆರಕ್ಕೂ ಉದಾಹರಣೆಗಳನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಉತ್ತರವು ನಾಲ್ಕು ವಿಧ: ದೂರನ್ನು ಒಪ್ಪುವುದು, ಸುಳ್ಳೆಂದು ಅಲ್ಲಗಳೆಯುವುದು, ನಡೆದದ್ದು ನಿಜ, ಆದರೆ ಅದಕ್ಕೆ ಕಾರಣವಿದೆಯೆನ್ನುವುದು, ಈ ವಿಷಯವು ಹಿಂದೆಯೇ ತೀರ್ಮಾನವಾಗಿದೆಯೆನ್ನುವುದು. ತನ್ನ ಮೇಲಿನ ಅಭಿಯೋಗವನ್ನು ಪರಿಹರಿಸಿಕೊಳ್ಳದೆ ದೂರಿದವನ ಮೇಲೆಯೇ ಪ್ರತ್ಯಭಿಯೋಗವನ್ನು ತರಕೂಡದೆಂದೂ ನಿಯಮವುಂಟು. ಕಲಹಸಾಹಸಗಳಲ್ಲಿ ಮಾತ್ರ ಅದಕ್ಕೆ ಅಪವಾದ. ಲೆಕ್ಕ ಕೇಳಿದವನ ಮನೆಯ ಚಾವಡಿಯು ಒತ್ತುವರಿಯೆಂದು ಮರುದಿನವೇ ನೋಟೀಸು ಬರುವ ಊರುಗಳಲ್ಲಿ ಈ ನಿಯಮದ ಬೆಲೆಯು ಚೆನ್ನಾಗಿ ತಿಳಿಯುವುದು. ಹಾಗೆಯೇ ಮಿಥ್ಯಾಭಿಯೋಗಿಯು ತಾನು ದೂರಿದ ಧನದ ಇಮ್ಮಡಿಯನ್ನು ತೆರಬೇಕೆಂದು ವಿಧಿಸಿ ಶಾಸ್ತ್ರವು ಇನ್ನೊಂದು ಪಕ್ಷವನ್ನೂ ಕಾಪಾಡಿದೆ.

೪. ಈಗಿನ ಕ್ರಮ

ಸಂವಿಧಾನದ ೭೩ನೆಯ ತಿದ್ದುಪಡಿಯು ೧೯೯೩ರ ಏಪ್ರಿಲ್ ೨೪ರಿಂದಲೂ, ನಗರಸಂಸ್ಥೆಗಳಿಗೆ ಸಂಬಂಧಪಟ್ಟ ೭೪ನೆಯದು ಅದೇ ವರ್ಷದ ಜೂನ್ ೧ರಿಂದಲೂ ಜಾರಿಗೆ ಬಂದವು. ಕರ್ಣಾಟಕದ ೧೯೯೩ರ ಪಂಚಾಯತ್ ರಾಜ್ ಅಧಿನಿಯಮವು ಈಗ ಗ್ರಾಮಸ್ವರಾಜ್ ಎಂಬ ಪದವನ್ನೂ ತನ್ನ ಹೆಸರಿನಲ್ಲಿ ಸೇರಿಸಿಕೊಂಡಿದೆ. ಇದರಂತೆ ದೂರುಗಳಿಗೆ ಬೇರೆಬೇರೆ ದಾರಿಗಳಿವೆ. ಒಂದರಲ್ಲಿ ಹೋಗತಕ್ಕದ್ದು ಇನ್ನೊಂದರಲ್ಲಿ ಹೋದರೆ ವರ್ಷಗಳು ವ್ಯರ್ಥವಾಗುವುವು. ಆದಕಾರಣ ವಿಭಾಗಮಾಡಿ ಹೇಳುವೆನು.

ಮೊದಲನೆಯದು ಆಯ್ಕೆಯ ದೋಷ. ಚುನಾವಣೆಯೇ ಅಕ್ರಮವೆಂದಾದರೆ ಅದು ನಡತೆಯ ದೂರಲ್ಲ. ಫಲಿತಾಂಶವನ್ನು ಸಾರಿದ ೩೦ ದಿನಗಳೊಳಗೆ ನ್ಯಾಯಾಲಯದಲ್ಲಿ ಚುನಾವಣಾ ಅರ್ಜಿಯನ್ನು ಹಾಕತಕ್ಕದ್ದು.

ಎರಡನೆಯದು ಅನರ್ಹತೆ. ಪಂಚಾಯಿತಿಯ ಕಾಮಗಾರಿಯಲ್ಲಾಗಲಿ ಗುತ್ತಿಗೆಯಲ್ಲಾಗಲಿ ಸದಸ್ಯನು ನೇರವಾಗಿಯೋ ಮರೆಯಾಗಿಯೋ ಪಾಲುಳ್ಳವನಾದರೆ ಅವನು ಸದಸ್ಯತ್ವಕ್ಕೆ ಅನರ್ಹನು. ಉತ್ತರಮೇರೂರಿನವರು ಬಂಧುಗಳ ಪಟ್ಟಿಯನ್ನೇ ಕೆತ್ತಿಸಿದುದರ ಹಿಂದಿದ್ದ ಭಯವೂ ಇದೇ.

ಮೂರನೆಯದು ದುರ್ನಡತೆ. ಕರ್ತವ್ಯನಿರ್ವಹಣದಲ್ಲಿ ದುರ್ವರ್ತನೆಯನ್ನಾಗಲಿ ಲಜ್ಜಾಸ್ಪದವಾದ ನಡತೆಯನ್ನಾಗಲಿ ತೋರಿದ ಗ್ರಾಮಪಂಚಾಯಿತಿ ಸದಸ್ಯನನ್ನು ೪೩-ಎ ಪ್ರಕರಣದಂತೆ ಸರ್ಕಾರವು ತೆಗೆದುಹಾಕಬಹುದು. ಪಂಚಾಯಿತಿಯ ಶಿಫಾರಸಿನ ಮೇಲೆ ಆಗಬಹುದು, ಸ್ವತಃ ಆಗಬಹುದು. ಆದರೆ ವಿಚಾರಣೆ ನಡೆಯಬೇಕು, ಸದಸ್ಯನಿಗೆ ಉತ್ತರ ಹೇಳಲು ಅವಕಾಶವಿರಬೇಕು. ಅಧ್ಯಕ್ಷ ಉಪಾಧ್ಯಕ್ಷರ ವಿಷಯವು ೪೮ನೆಯ ಪ್ರಕರಣದಲ್ಲಿದೆ. ೪೯ನೆಯ ಪ್ರಕರಣದ ಅವಿಶ್ವಾಸನಿರ್ಣಯವಾದರೋ ಸದಸ್ಯರಿಗೆ ಸೇರಿದ ರಾಜಕೀಯಸಾಧನವೇ ಹೊರತು ಪ್ರಜೆಯ ದೂರಲ್ಲ. ಗ್ರಾಮಸ್ಥನು ತನ್ನ ಅರ್ಜಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೋ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೋ ಕೊಟ್ಟು ಸ್ವೀಕೃತಿಯನ್ನು ಪಡೆಯುವುದು ರೂಢಿ.

ನಾಲ್ಕನೆಯದು ಲೋಕಾಯುಕ್ತರಲ್ಲಿ ದೂರು. ೧೯೮೪ರ ಕರ್ಣಾಟಕ ಲೋಕಾಯುಕ್ತ ಅಧಿನಿಯಮವು ಸ್ಥಳೀಯ ಸಂಸ್ಥೆಗಳ ಸದಸ್ಯರನ್ನೂ ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿದೆ. ದೂರಿನೊಡನೆ ಪ್ರಮಾಣಪತ್ರವಿರಬೇಕು. ಆಪಾದನೆಯಾದರೆ ಕೃತ್ಯವು ನಡೆದ ಐದು ವರ್ಷಗಳೊಳಗೂ, ಕುಂದುಕೊರತೆಯಾದರೆ ತಿಳಿದುಬಂದ ಆರು ತಿಂಗಳೊಳಗೂ ಬರಬೇಕು. ಸುಳ್ಳುದೂರಿಗೆ ಸೆರೆವಾಸವೂ ಜುಲ್ಮಾನೆಯೂ ಉಂಟು. ಲೋಕಾಯುಕ್ತರು ವಿಚಾರಿಸಿ ವರದಿ ಮಾಡಬಲ್ಲರು. ಕ್ರಮ ಕೈಗೊಳ್ಳತಕ್ಕದ್ದು ಸಕ್ಷಮ ಅಧಿಕಾರಿಗೆ ಸೇರಿದುದು.

ಐದನೆಯದು ಅಪರಾಧ. ಲಂಚದ ವಿಷಯವು ೧೯೮೮ರ ಭ್ರಷ್ಟಾಚಾರ ನಿರೋಧ ಅಧಿನಿಯಮಕ್ಕೆ ಒಳಪಟ್ಟುದು. ಹಳೆಯ ದಂಡಸಂಹಿತೆಯ ಲಕ್ಷಣದಂತೆ ಪುರಸಭಾ ಸದಸ್ಯನು ಸಾರ್ವಜನಿಕ ಸೇವಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಹೇಳಿತ್ತು. ೧೯೮೮ರ ಕಾನೂನಿನ ಲಕ್ಷಣವು ವಿಶಾಲವಾದುದರಿಂದ ಅದರ ಕೆಳಗೆ ಅವನು ಸಾರ್ವಜನಿಕ ಸೇವಕನೇ ಎಂದು ರಾಜಸ್ಥಾನದ ಮೊಕದ್ದಮೆಯೊಂದರಲ್ಲಿ ೨೦೧೩ರಲ್ಲಿ ತೀರ್ಮಾನಿಸಿತು. ೨೦೨೨ರ ಆಗಸ್ಟ್‌ನಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಭ್ರಷ್ಟಾಚಾರ ನಿಗ್ರಹದಳವನ್ನು ರದ್ದುಪಡಿಸಿದುದರಿಂದ ಈ ಕಾನೂನಿನಂತೆ ತನಿಖೆ ನಡೆಸುವ ಅಧಿಕಾರವು ಮತ್ತೆ ಲೋಕಾಯುಕ್ತದ ಪೊಲೀಸರಿಗೆ ಸೇರಿತು.

ಇವೆಲ್ಲವುಗಳಿಂದ ಹೊರಗಿರುವುದು ಅಭಿಪ್ರಾಯಭೇದ. ನಮ್ಮ ಬೀದಿಗೆ ಮೊದಲು ದೀಪ ಬರಬೇಕಿತ್ತು, ಅವನು ಕೆಳಗೇರಿಗೆ ಕೊಡಿಸಿದನು ಎಂಬುದು ದುರ್ನಡತೆಯಲ್ಲ. ಅದಕ್ಕೆ ಸ್ಥಾನ ಗ್ರಾಮಸಭೆ. ಕಡೆಯ ಉತ್ತರ ಮತದಾನ.

ಪರದೇಶದ ಒಂದು ಉದಾಹರಣೆಯನ್ನೂ ನೋಡಬಹುದು. ಇಂಗ್ಲೆಂಡಿನಲ್ಲಿ ೨೦೧೧ರ ಸ್ಥಳೀಯತಾ ಅಧಿನಿಯಮವು ಪ್ರತಿಯೊಂದು ಸ್ಥಳೀಯ ಸಭೆಯೂ ತನ್ನ ಸದಸ್ಯರಿಗೆ ನಡತೆಯ ಸಂಹಿತೆಯೊಂದನ್ನು ಮಾಡಿಕೊಳ್ಳಬೇಕೆಂದು ವಿಧಿಸಿತು. ನಿಃಸ್ವಾರ್ಥತೆ, ಋಜುತ್ವ, ನಿಷ್ಪಕ್ಷಪಾತ, ಉತ್ತರದಾಯಿತ್ವ, ಮುಕ್ತತೆ, ಪ್ರಾಮಾಣಿಕತೆ, ನಾಯಕತ್ವ ಎಂಬ ಏಳು ತತ್ತ್ವಗಳು ಅದಕ್ಕೆ ಆಧಾರ. ವಿಚಾರಿಸಿದ ದೂರಿನ ಮೇಲೆ ನಿರ್ಣಯಿಸುವ ಮುನ್ನ ಸಭೆಗೆ ಸೇರದ ಸ್ವತಂತ್ರ ವ್ಯಕ್ತಿಯೊಬ್ಬನ ಅಭಿಪ್ರಾಯವನ್ನು ಕೇಳಬೇಕು. ಆದರೆ ಸಂಹಿತೆಯನ್ನು ಮೀರಿದವನನ್ನು ಅಮಾನತ್ತಿನಲ್ಲಿಡುವ ಅಧಿಕಾರವನ್ನು ಆ ಕಾನೂನು ಸಭೆಗೆ ಕೊಡಲಿಲ್ಲ. ನಮ್ಮಲ್ಲಿ ತೆಗೆದುಹಾಕುವ ಕಠಿಣದಂಡವುಂಟು, ನಿತ್ಯದ ನಡತೆಗೆ ಸಂಹಿತೆಯು ವಿರಳ. ಅಲ್ಲಿ ಸಂಹಿತೆಯುಂಟು, ದಂಡವು ಮೃದು. ಎರಡೂ ಕೂಡಿದಲ್ಲಿ ಪೂರ್ಣತೆ.

೫. ಒಂದು ಸ್ವಾನುಭವ

ಇಷ್ಟೆಲ್ಲ ಬರೆದ ನಾನೇ ಒಮ್ಮೆ ಪಕ್ಷಾಭಾಸವನ್ನು ರಚಿಸಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಕೆರೆಯ ಕಾಲುವೆಯ ಹೂಳೆತ್ತಿಸಿದಂತೆ ಬಿಲ್ಲಾಗಿ ಹಣ ಸಂದಾಯವಾಗಿತ್ತು. ಕಡೆಯ ಗದ್ದೆಗಳಿಗೆ ನೀರು ಮಾತ್ರ ಬರಲಿಲ್ಲ. ಊರಿನವರು ಅರ್ಜಿ ಬರೆದುಕೊಡಬೇಕೆಂದು ನನ್ನಲ್ಲಿಗೆ ಬಂದರು. ನಾನು ನಾಲ್ಕು ಪುಟಗಳಷ್ಟು ಬರೆದೆನು. ನಮ್ಮ ಭಾಗದ ಸದಸ್ಯನ ಲೋಭವನ್ನೂ ಅಧರ್ಮವನ್ನೂ ವರ್ಣಿಸುವುದರಲ್ಲಿ ನನ್ನ ವ್ಯುತ್ಪತ್ತಿಯೆಲ್ಲವೂ ವಿನಿಯೋಗವಾಯಿತು. ಓದಿಸಿ ಕೇಳಿದ ವೃದ್ಧ ರೈತನೊಬ್ಬನು, “ಎಲ್ಲಾ ಚೆನ್ನಾಗೈತೆ ಸ್ವಾಮಿ, ಇದರೊಳಗೆ ಕಾಲುವೆ ಎಲ್ಲೈತೆ?” ಎಂದನು. ನಾನು ಅದನ್ನು ಗಣಿಸಲಿಲ್ಲ. ಒಂದು ತಿಂಗಳ ಮೇಲೆ ಕಚೇರಿಯಿಂದ ಹಿಂಬರಹ ಬಂದಿತು: ಯಾವ ಕಾಮಗಾರಿ, ಯಾವ ವರ್ಷ, ಎಷ್ಟು ಮೊಬಲಗು ಎಂಬುದನ್ನು ತಿಳಿಸಿದರೆ ಪರಿಶೀಲಿಸಲಾಗುವುದು.

ಆಗ ೨೦೦೫ರ ಮಾಹಿತಿ ಹಕ್ಕು ಅಧಿನಿಯಮದಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆ ಕಾಮಗಾರಿಯ ಅಳತೆಪುಸ್ತಕದ ಮತ್ತು ಸಭೆಯ ನಡವಳಿಯ ನಕಲುಗಳನ್ನು ಕೇಳಿದೆವು. ಮೂವತ್ತು ದಿನಗಳ ಗಡುವಿನ ಕೊನೆಯಲ್ಲಿ ಅವು ಬಂದವು. ಆ ರೈತನೇ ಹಗ್ಗ ಹಿಡಿದು ಕಾಲುವೆಯನ್ನು ಅಳೆದನು. ಪುಸ್ತಕದಲ್ಲಿದ್ದ ಉದ್ದದ ಅರ್ಧವೂ ಅಗೆದಿರಲಿಲ್ಲ. ಆದರೆ ನಡವಳಿಯನ್ನು ಓದಿದಾಗ ನನ್ನ ಕೈ ನಡುಗಿತು. ನಾನು ನಾಲ್ಕು ಪುಟಗಳಲ್ಲಿ ಚೋರನೆಂದು ವರ್ಣಿಸಿದ್ದ ಆ ಸದಸ್ಯನೊಬ್ಬನೇ, ಕೆಲಸವು ಪೂರೈಸಿಲ್ಲವಾದ್ದರಿಂದ ಹಣ ಕೊಡಕೂಡದೆಂದು ಸಭೆಯಲ್ಲಿ ಆಕ್ಷೇಪಿಸಿ ಬರೆಯಿಸಿದ್ದನು.

ಎರಡನೆಯ ಅರ್ಜಿಯು ಒಂದೇ ಪುಟವಾಯಿತು. ಕಾಮಗಾರಿಯ ಹೆಸರು, ವರ್ಷ, ಮೊಬಲಗು, ಪುಸ್ತಕದ ಅಳತೆ, ನೆಲದ ಅಳತೆ, ಸಾಕ್ಷಿಗಳ ಹೆಸರು, ವಿಶೇಷಣವೊಂದೂ ಇಲ್ಲ. ವಿಚಾರಣೆ ನಡೆದು ಉಳಿದ ಕಾಲುವೆಯನ್ನು ಅಗೆಯಿಸಿದರು. ನಾನು ಆ ಸದಸ್ಯನ ಮನೆಗೆ ಹೋಗಿ ಮೊದಲಿನ ಅರ್ಜಿಯ ವಿಷಯವನ್ನು ಹೇಳಿ ಕ್ಷಮೆ ಕೇಳಿದೆನು. ಆತನು, “ನಡವಳಿ ಓದೋರು ಒಬ್ಬರಾದರೂ ಇದ್ದೀರಲ್ಲ, ಅಷ್ಟು ಸಾಕು” ಎಂದನು. ಮಿತಾಕ್ಷರೆಯನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಪಕ್ಷದೋಷಪ್ರಕರಣವು ಅರ್ಥವಾದುದು ಆ ದಿನ.

೬. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದುದನ್ನು ಸಂಕ್ಷೇಪಿಸುವೆನು. ದೂರು ಬರೆಯುವ ಮುನ್ನ ಅದು ಯಾವ ವರ್ಗದ್ದೆಂದು ನಿರ್ಧರಿಸತಕ್ಕದ್ದು. ಕಾಲ, ದೇಶ, ಕಾರ್ಯ, ಧನ ಇವು ನಾಲ್ಕನ್ನೂ ನಮೂದಿಸತಕ್ಕದ್ದು. ಕಂಡದ್ದನ್ನೂ ಕೇಳಿದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರಸಕೂಡದು. ಲಿಖಿತಪ್ರಮಾಣವನ್ನು ಮೊದಲು ಹುಡುಕತಕ್ಕದ್ದು. ಪ್ರತಿವರ್ಷ ನಡೆಯುವ ಜಮಾಬಂದಿಯೂ ಗ್ರಾಮಸಭೆಯೂ ಅದಕ್ಕಾಗಿಯೇ ಇರುವುವು. ಸಹಿಯಿಲ್ಲದ ಅರ್ಜಿಯನ್ನು ಬರೆಯಕೂಡದು. ಪ್ರತಿವಾದಿಯ ಉತ್ತರವನ್ನು ಕೇಳುವ ಸಹನೆಯಿರಬೇಕು.

ರಾಗ, ಲೋಭ, ಭಯ ಈ ಮೂರರಿಂದ ಸಭ್ಯರು ದಾರಿತಪ್ಪುವರೆಂದು ಯಾಜ್ಞವಲ್ಕ್ಯನು ಎಣಿಸಿದ್ದಾನೆ. ದೂರುವವರೂ ಈ ಮೂರರಿಂದಲೇ ದಾರಿತಪ್ಪುವರು: ತಮ್ಮವನಾದರೆ ಸುಮ್ಮನಿರುವರು, ತಮಗೆ ಲಾಭವಾದರೆ ಸುಮ್ಮನಿರುವರು, ಬಲಿಷ್ಠನಾದರೆ ಸುಮ್ಮನಿರುವರು, ಈ ಮೂರೂ ಅಲ್ಲದ ಒಬ್ಬನು ಸಿಕ್ಕಿದಾಗ ಎಲ್ಲರ ದೋಷವನ್ನೂ ಅವನ ಮೇಲೆ ಹೊರಿಸುವರು. ಹೀಗಾಗದಂತೆ ತಡೆಯತಕ್ಕದ್ದು ಲೆಕ್ಕ. ಉತ್ತರಮೇರೂರಿನವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ನಮ್ಮ ಪಂಚಾಯಿತಿಗಳ ಲೆಕ್ಕವು ಕಾಗದದಲ್ಲಿದೆ, ಕೇಳಿದವರಿಗೆ ದೊರೆಯುತ್ತದೆ. ಅದನ್ನು ಹೋಗಿ ಓದುವ ಕೆಲಸವು ನಮ್ಮದು.